ವಠಾರಕ್ಕೆ ಬಂದ ಶಾಲೆ: ವಿದ್ಯಾಗಮದ ದಿನಗಳು

ಕೋವಿಡ್‌-19ರಿಂದ ಶಾಲೆಗಳು ಮುಚ್ಚಿದ್ದ 2020ರ ಮಳೆಗಾಲದಲ್ಲಿ ಕರ್ನಾಟಕದ ಸಾರ್ವಜನಿಕ ಶಿಕ್ಷಣ ಇಲಾಖೆ ಆರಂಭಿಸಿದ ನಿರಂತರ ಕಲಿಕಾ ಕಾರ್ಯಕ್ರಮವೇ ವಿದ್ಯಾಗಮ. ಮಗು ಶಾಲೆಗೆ ಬರಲಾಗದಿದ್ದರೆ ಶಿಕ್ಷಕರೇ ಮಗುವಿರುವ ಊರಿಗೆ, ಕೇರಿಗೆ, ವಠಾರಕ್ಕೆ ಹೋಗಬೇಕೆಂಬುದು ಅದರ ತಿರುಳು. ಹಳ್ಳಿಗಳಲ್ಲಿ ಜನ ಇದನ್ನು ವಠಾರ ಶಾಲೆ ಎಂದು ಕರೆದರು. ಅದು ಮೊದಲ ರೂಪದಲ್ಲಿ ನಡೆದದ್ದು ಎರಡು ತಿಂಗಳು ಮಾತ್ರ. ಆದರೂ ಸರ್ಕಾರಿ ಶಾಲೆಗಳ ಶಿಕ್ಷಕರು ಮಹಾಮಾರಿಯ ಕಾಲವನ್ನು ನೆನೆದಾಗಲೆಲ್ಲ ಆ ಎರಡು ತಿಂಗಳು ಮೊದಲು ಕಣ್ಣಮುಂದೆ ನಿಲ್ಲುತ್ತವೆ.

ಕೊರೊನಾದ ಸುದ್ದಿ ರಾಜ್ಯದ ಶಾಲೆಗಳಿಗೆ ಮುಟ್ಟಿದ್ದು 2020ರ ಮಾರ್ಚ್ ಎರಡನೇ ವಾರದಲ್ಲಿ. ದೇಶದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವು ಕಲಬುರಗಿಯ ವೃದ್ಧರೊಬ್ಬರದು. ಅವರಿಗೆ ಸೋಂಕು ಇದ್ದದ್ದು ದೃಢಪಟ್ಟದ್ದು ಮಾರ್ಚ್ 12ರಂದು. ಬೆಂಗಳೂರಿನಲ್ಲಿ ಪುಟ್ಟ ಮಕ್ಕಳ ತರಗತಿಗಳಿಗೆ ಅದಕ್ಕೂ ಮುಂಚೆಯೇ ರಜೆ ಸಿಕ್ಕಿತ್ತು. ಮಾರ್ಚ್ 14ರಿಂದ ನಿರ್ಬಂಧ ಇಡೀ ರಾಜ್ಯಕ್ಕೆ ವಿಸ್ತರಿಸಿತು. ವಾರ್ಷಿಕ ಪರೀಕ್ಷೆಯ ಹೊಸ್ತಿಲಲ್ಲಿದ್ದ ಮಕ್ಕಳು ಒಂದೆರಡು ವಾರದ ರಜೆಯೆಂದುಕೊಂಡು ಚೀಲ ಹೆಗಲಿಗೇರಿಸಿ ಮನೆಗೆ ನಡೆದರು. ಕಪ್ಪುಹಲಗೆಯ ಮೇಲೆ ಆ ದಿನದ ದಿನಾಂಕವೂ ಹಾಜರಿ ಸಂಖ್ಯೆಯೂ ಹಾಗೆಯೇ ಉಳಿದವು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್‌ ಆಯಿತು. ಮಾರ್ಚ್ 23ಕ್ಕೆ ನಿಗದಿಯಾಗಿದ್ದ ದ್ವಿತೀಯ ಪಿಯುಸಿಯ ಇಂಗ್ಲಿಷ್‌ ಪರೀಕ್ಷೆ, ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೂ ಮುಂದಕ್ಕೆ ಹೋದವು. ಕೆಳ ತರಗತಿಗಳ ಮಕ್ಕಳು ಪರೀಕ್ಷೆಯಿಲ್ಲದೆ ಮುಂದಿನ ತರಗತಿಗೆ ಸೇರಿದರು.

ಶಾಲೆಯ ಬಾಗಿಲು ಮುಚ್ಚಿದಾಗ ಮೊದಲು ನಿಂತದ್ದು ಬಿಸಿಯೂಟ. 2001-02ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಆರಂಭಗೊಂಡು ಕ್ರಮೇಣ ಇಡೀ ರಾಜ್ಯಕ್ಕೆ ಹಬ್ಬಿದ್ದ ಅಕ್ಷರ ದಾಸೋಹ, 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು, ಇವೆರಡೂ ಬಡ ಮಕ್ಕಳ ದಿನಚರಿಯಲ್ಲಿ ಪಾಠದಷ್ಟೇ ಮುಖ್ಯವಾಗಿದ್ದವು. ಶಾಲೆ ಮುಚ್ಚಿದ್ದರೂ ಮಕ್ಕಳಿಗೆ ಆಹಾರ ತಲುಪಿಸುವ ಬಗೆಯೇನೆಂದು ಮಾರ್ಚ್‌ನಲ್ಲೇ ಸುಪ್ರೀಂ ಕೋರ್ಟ್‌ ರಾಜ್ಯಗಳನ್ನು ಕೇಳಿತು. ಕರ್ನಾಟಕ ಬಿಸಿಯೂಟದ ಬದಲಿಗೆ ಅಕ್ಕಿ, ಬೇಳೆಯಂಥ ದಿನಸಿಯನ್ನು ಅಳೆದು ಕೊಡುವ ದಾರಿ ಹಿಡಿಯಿತು. ಪೋಷಕರು ಚೀಲ ಹಿಡಿದು ಶಾಲೆಯ ಅಂಗಳದಲ್ಲಿ ಅಂತರ ಬಿಟ್ಟು ಸಾಲು ನಿಲ್ಲುತ್ತಿದ್ದರು, ಮುಖ್ಯ ಶಿಕ್ಷಕರು ತಕ್ಕಡಿಯ ಪಕ್ಕ ಕೂತು ಸಹಿ ಹಾಕಿಸಿಕೊಳ್ಳುತ್ತಿದ್ದರು. ಆ ಸಾಲಿನಲ್ಲೇ ಶಿಕ್ಷಕರಿಗೆ ಮಕ್ಕಳ ಸುದ್ದಿ ಸಿಗುತ್ತಿತ್ತು. ಬೆಂಗಳೂರಿನ ಕೂಲಿ ಬಿಟ್ಟು ಊರಿಗೆ ಮರಳಿದವರು ಯಾರು, ಯಾವ ಹುಡುಗ ಕುರಿ ಹಿಂದೆ ಹೋಗುತ್ತಿದ್ದಾನೆ, ಯಾವ ಹುಡುಗಿಗೆ ಗಂಡು ನೋಡುತ್ತಿದ್ದಾರೆ ಎಂಬುದೆಲ್ಲ ತಿಳಿಯುತ್ತಿದ್ದದ್ದು ಅಲ್ಲಿಯೇ. ಆದರೆ ದಿನಸಿ ಮನೆಗೆ ಹೋದ ಮೇಲೆ ಅದು ಇಡೀ ಮನೆಯ ದಿನಸಿಯಾಗುತ್ತದೆ. ಮಗುವಿನ ತಟ್ಟೆಗೆಂದೇ ಬೀಳುತ್ತಿದ್ದ ಬಿಸಿ ಅನ್ನ ಸಾರಿಗೆ ಅದು ಪೂರ್ತಿ ಸಮವಾಗಲಿಲ್ಲ.

ಪಾಠದ ಬಗ್ಗೆ ಇಲಾಖೆಯ ಮೊದಲ ಪ್ರಯತ್ನಗಳು ಪರದೆಯ ಮೂಲಕ ನಡೆದವು. 2020ರ ಏಪ್ರಿಲ್‌ನಲ್ಲಿ ಮಕ್ಕಳ ವಾಣಿ ಎಂಬ ಯೂಟ್ಯೂಬ್‌ ವಾಹಿನಿ ಆರಂಭವಾಯಿತು. ಕಥೆ, ಹಾಡು, ಚಿತ್ರಕಲೆ, ಒಗಟುಗಳ ಮೂಲಕ ಮನೆಯಲ್ಲಿ ಕುಳಿತ ಮಕ್ಕಳನ್ನು ಮುಟ್ಟುವುದು ಅದರ ಉದ್ದೇಶ. ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ಸೇತುಬಂಧ ಪಾಠಗಳು ಬಂದವು. ಹಿಂದಿನ ತರಗತಿಯಲ್ಲಿ ಕಲಿತದ್ದಕ್ಕೂ ಹೊಸ ತರಗತಿಯಲ್ಲಿ ಕಲಿಯಬೇಕಾದದ್ದಕ್ಕೂ ನಡುವೆ ಸೇತುವೆ ಕಟ್ಟುವ ಸೇತುಬಂಧ ಪ್ರತಿ ಜೂನ್‌ನಲ್ಲಿ ಶಾಲೆಗಳಲ್ಲಿ ನಡೆಯುವಂಥದ್ದೇ. ಆ ವರ್ಷ ಅದು ಟೀವಿಗೆ ಹೋಯಿತು. ಆಗಸ್ಟ್ ಕೊನೆಯಿಂದ ಸಂವೇದ ಎಂಬ ಹೆಸರಿನಲ್ಲಿ ವಿಡಿಯೊ ಪಾಠಗಳು ವೇಳಾಪಟ್ಟಿಯಂತೆ ಪ್ರಸಾರವಾದವು. ಇವನ್ನು ಸಿದ್ಧಪಡಿಸಿದ್ದು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ. ಇಪ್ಪತ್ತು ವರ್ಷ ನಲವತ್ತು ಮಕ್ಕಳ ಮುಖ ನೋಡಿಯೇ ಪಾಠ ಮಾಡಿದ್ದ ಶಿಕ್ಷಕರು ಆ ಪಾಠಗಳಿಗಾಗಿ ಕ್ಯಾಮೆರಾದ ಮುಂದೆ ಒಬ್ಬರೇ ನಿಂತು ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡರು.

ಪರದೆಯ ಪಾಠಕ್ಕೆ ಮಿತಿ ಇತ್ತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ ಲೆಕ್ಕದಂತೆ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಅಂತರ್ಜಾಲ ಸೌಲಭ್ಯ ಇದ್ದದ್ದು ಸುಮಾರು ಶೇ 15ರಷ್ಟಕ್ಕೆ, ಕಂಪ್ಯೂಟರ್‌ ಇದ್ದದ್ದು ಶೇ 5ಕ್ಕೂ ಕಡಿಮೆ ಮನೆಗಳಲ್ಲಿ. ಮನೆಯಲ್ಲಿ ಒಂದು ಸ್ಮಾರ್ಟ್‌ಫೋನ್‌ ಇದ್ದರೂ ಅದು ಅಪ್ಪನ ಕಿಸೆಯಲ್ಲಿ ಹೊಲಕ್ಕೋ ಗಾರೆ ಕೆಲಸಕ್ಕೋ ಹೋಗುತ್ತಿತ್ತು. ಸಂಜೆ ಮರಳಿದಾಗ ಡೇಟಾ ಮುಗಿದಿರುತ್ತಿತ್ತು. ಇಬ್ಬರು ಮಕ್ಕಳಿದ್ದರೆ ಫೋನು ಮೊದಲು ಸೇರುತ್ತಿದ್ದದ್ದು ದೊಡ್ಡವನ ಕೈ. ಮಲೆನಾಡು, ಕರಾವಳಿಯ ಒಳಹಳ್ಳಿಗಳಲ್ಲಿ ಸಿಗ್ನಲ್‌ ಹುಡುಕಿ ಮಕ್ಕಳು ಗುಡ್ಡ ಹತ್ತುತ್ತಿದ್ದರು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಕಡೆಯಿಂದ ಬಂದ ಚಿತ್ರವೊಂದನ್ನು ನೋಡಿದವರು ಮರೆತಿಲ್ಲ: ರಸ್ತೆ ಬದಿಯಲ್ಲಿ ಕೂತು ಮಗಳು ಮೊಬೈಲ್‌ನಲ್ಲಿ ಪಾಠ ಕೇಳುತ್ತಿದ್ದಾಳೆ, ಜಡಿಮಳೆಯಲ್ಲಿ ತಂದೆ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಾರೆ.

ನಗರಗಳ ಖಾಸಗಿ ಶಾಲೆಗಳಲ್ಲಿ ಬೇರೆಯದೇ ಚರ್ಚೆ ನಡೆಯುತ್ತಿತ್ತು. ಎಳೆಯ ಮಕ್ಕಳನ್ನು ಗಂಟೆಗಟ್ಟಲೆ ಪರದೆಯ ಮುಂದೆ ಕೂರಿಸುವುದು ಸರಿಯೇ ಎಂಬ ಪ್ರಶ್ನೆ ಎದ್ದು, 2020ರ ಜೂನ್‌ನಲ್ಲಿ ಸರ್ಕಾರ ಕೆಳ ತರಗತಿಗಳ ಆನ್‌ಲೈನ್‌ ಪಾಠವನ್ನು ನಿಷೇಧಿಸಿತು. ಪ್ರೊ. ಎಂ.ಕೆ. ಶ್ರೀಧರ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನೂ ರಚಿಸಿತು. ಜುಲೈ 8ರಂದು ಹೈಕೋರ್ಟ್‌ ಆ ನಿಷೇಧಕ್ಕೆ ತಡೆ ನೀಡಿತು. ಒಂದು ಕಡೆ ಪರದೆ ಅತಿಯಾಯಿತೆಂಬ ಆತಂಕ, ಇನ್ನೊಂದು ಕಡೆ ಪರದೆಯೇ ಇಲ್ಲದ ಲಕ್ಷಾಂತರ ಮನೆಗಳು. ಸರ್ಕಾರಿ ಶಾಲೆಗಳಿಗೆ ಬೇಕಾದದ್ದು ಎರಡನೆಯ ಗುಂಪಿಗೆ ಹೊಂದುವ ದಾರಿ.

ಅದೇ ಹೊತ್ತಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ನಡೆಯಿತು. ತೆಲಂಗಾಣ, ತಮಿಳುನಾಡು ಹತ್ತನೇ ತರಗತಿಯ ಪರೀಕ್ಷೆಯನ್ನು ರದ್ದುಪಡಿಸಿದ್ದವು. ಕರ್ನಾಟಕ ಜೂನ್ 25ರಿಂದ ಪರೀಕ್ಷೆ ನಡೆಸಲು ನಿರ್ಧರಿಸಿತು. ಸುಮಾರು 8.48 ಲಕ್ಷ ಮಕ್ಕಳು ನೋಂದಾಯಿಸಿಕೊಂಡಿದ್ದರು. ಕೊಠಡಿಯಲ್ಲಿ ಕೂರುವವರ ಸಂಖ್ಯೆ ಇಳಿಯಿತು, ಕೇಂದ್ರದ ಬಾಗಿಲಲ್ಲಿ ಜ್ವರ ತಪಾಸಣೆ ಬಂತು, ಕಂಟೈನ್‌ಮೆಂಟ್‌ ವಲಯದ ಮಕ್ಕಳಿಗೆ ಬೇರೆ ಕೊಠಡಿ ಮೀಸಲಾಯಿತು. ಸ್ಕೌಟ್ಸ್‌ ಮತ್ತು ಗೈಡ್ಸ್‌ನವರು ಮಾಸ್ಕ್‌ ಹೊಲಿದು ಕೊಟ್ಟರು. ಗಡಿಯಾಚೆಯ ಕಾಸರಗೋಡಿನಿಂದ ದಕ್ಷಿಣ ಕನ್ನಡದ ಶಾಲೆಗಳಿಗೆ ಬರುತ್ತಿದ್ದ ಮಕ್ಕಳಿಗೆ ಪ್ರಯಾಣದ ಏರ್ಪಾಡು ಮಾಡಲಾಯಿತು. ಭಯದಿಂದಲೋ ಕಾಯಿಲೆಯಿಂದಲೋ ಬರಲಾಗದವರಿಗೆ ಪೂರಕ ಪರೀಕ್ಷೆಯನ್ನೇ ಮೊದಲ ಯತ್ನವೆಂದು ಪರಿಗಣಿಸುವ ಭರವಸೆ ಸಿಕ್ಕಿತು. ಆಗಸ್ಟ್ 10ರಂದು ಬಂದ ಫಲಿತಾಂಶ ಶೇ 71.80. ಮಕ್ಕಳನ್ನು ಅಂತರ ಕಾಯ್ದು ಒಂದೆಡೆ ಸೇರಿಸುವುದು ಸಾಧ್ಯವೆಂಬ ಧೈರ್ಯ ಈ ಪರೀಕ್ಷೆಯಿಂದ ಇಲಾಖೆಗೆ ಬಂತು.

ಈ ಹಿನ್ನೆಲೆಯಲ್ಲಿ, ಎಸ್. ಸುರೇಶ್‌ ಕುಮಾರ್‌ ಅವರು ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾಗಿದ್ದಾಗ, 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾಯಿತು. ಒಂದರಿಂದ ಹತ್ತನೇ ತರಗತಿವರೆಗಿನ ಮಕ್ಕಳನ್ನು ಅವರು ವಾಸಿಸುವ ಸ್ಥಳದ ಆಧಾರದಲ್ಲಿ ಗುಂಪು ಮಾಡಿ, ಸುಮಾರು 20-25 ಮಕ್ಕಳಿಗೆ ಒಬ್ಬ ಶಿಕ್ಷಕರನ್ನು ಮಾರ್ಗದರ್ಶಿಯಾಗಿ ನೇಮಿಸುವುದು ಅದರ ಮೊದಲ ಹೆಜ್ಜೆ. ಎರಡನೆಯದು, ಮಕ್ಕಳನ್ನು ಮೂರು ಕಾಲ್ಪನಿಕ ಕಲಿಕಾ ಕೋಣೆಗಳಾಗಿ ವಿಂಗಡಿಸುವುದು. ಮನೆಯಲ್ಲಿ ಯಾವ ಮೊಬೈಲೂ ಇಲ್ಲದವರು ಒಂದು ಕೋಣೆ; ಇಂಟರ್‌ನೆಟ್‌ ಇಲ್ಲದ ಸಾದಾ ಮೊಬೈಲ್‌ ಇರುವವರು ಇನ್ನೊಂದು; ಇಂಟರ್‌ನೆಟ್‌ ಇರುವ ಸ್ಮಾರ್ಟ್‌ಫೋನ್‌, ಟ್ಯಾಬ್‌ ಅಥವಾ ಕಂಪ್ಯೂಟರ್‌ ಇರುವವರು ಮೂರನೆಯದು. ಈ ಕೋಣೆಗಳಿಗೆ ಗೋಡೆಯಿರಲಿಲ್ಲ. ಯಾವ ಮಗುವನ್ನು ಯಾವ ದಾರಿಯಲ್ಲಿ ತಲುಪಬಹುದೆಂಬ ಪಟ್ಟಿಯೇ ಕೋಣೆ. ಮೂರನೆಯ ಕೋಣೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಅಭ್ಯಾಸ ಹಾಳೆ, ದೀಕ್ಷಾ ಪೋರ್ಟಲ್‌ನ ಪಾಠ. ಎರಡನೆಯವರಿಗೆ ಫೋನ್‌ ಕರೆ. ಮೊದಲ ಕೋಣೆಯವರ ಬಳಿಗೆ ಶಿಕ್ಷಕರ ಖುದ್ದು ಭೇಟಿ.

ಪಟ್ಟಿ ಮಾಡಲು ಶಿಕ್ಷಕರು ಮನೆ ಮನೆ ಹತ್ತಿದರು. ಎಷ್ಟೋ ಶಾಲೆಗಳಲ್ಲಿ ಮಗುವಿನ ಮನೆಯ ಒಳಗನ್ನು ಶಿಕ್ಷಕರು ಕಂಡದ್ದು ಅದೇ ಮೊದಲು. ತರಗತಿಯಲ್ಲಿ ಮನೆಗೆಲಸ ಮಾಡಿಕೊಂಡು ಬಾರದ ಹುಡುಗಿಯ ಮನೆಗೆ ಒಂದೇ ಕೋಣೆ, ಒಂದೇ ಬಲ್ಬು. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಹುಡುಗ ಬೆಳಗಿನ ನಾಲ್ಕಕ್ಕೆ ಎದ್ದು ಹಾಲು ಕರೆಯುತ್ತಾನೆ. ಇಂಥ ಸಂಗತಿಗಳು ಹಾಜರಿ ಪುಸ್ತಕದಲ್ಲಿ ಎಂದೂ ದಾಖಲಾಗಿರಲಿಲ್ಲ. ವಿದ್ಯಾಗಮದ ಭೇಟಿಗಳು ಅವನ್ನು ಶಿಕ್ಷಕರಿಗೆ ತೋರಿಸಿದವು. ಮಗುವಿನ ಮೇಲಿನ ಎಷ್ಟೋ ಹಳೆಯ ದೂರುಗಳು ಆ ಹೊಸ್ತಿಲುಗಳಲ್ಲಿ ಕರಗಿದವು.

ಪಾಠದ ಜಾಗಗಳು ಊರಿಗೆ ತಕ್ಕಂತೆ ಒದಗಿದವು. ದೇವಸ್ಥಾನದ ಪ್ರಾಂಗಣ, ಸಮುದಾಯ ಭವನ, ಅರಳಿಕಟ್ಟೆ, ದೊಡ್ಡ ಮನೆಯ ಜಗುಲಿ, ಬಯಲುಸೀಮೆಯಲ್ಲಿ ಬೇವಿನ ನೆರಳು, ತೆಂಗಿನ ತೋಟದ ಬದು. ಆಗಸ್ಟ್‌ನ ಮಳೆ ಬಿರುಸಾದಾಗ ಮಲೆನಾಡಿನಲ್ಲಿ ದನದ ಕೊಟ್ಟಿಗೆಯ ಪಕ್ಕದ ಚಾವಡಿಯೂ ತರಗತಿಯಾಯಿತು. ಶಿಕ್ಷಕರು ದ್ವಿಚಕ್ರ ವಾಹನಕ್ಕೆ ಸುತ್ತುಹಲಗೆ, ಚಾಕ್‌ಪೀಸ್‌, ಸ್ಯಾನಿಟೈಸರ್‌ ಬಾಟಲಿ ಕಟ್ಟಿಕೊಂಡು ಬರುತ್ತಿದ್ದರು. ನೆಲದ ಮೇಲೆ ಬಳಪದಲ್ಲಿ ಬರೆದ ವೃತ್ತಗಳಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಕೂರುತ್ತಿದ್ದರು. ಹೊಸ ಪುಸ್ತಕಗಳು ಕೈಸೇರುವವರೆಗೆ ಮೇಲಿನ ತರಗತಿಗೆ ಹೋದವರ ಹಳೆಯ ಪುಸ್ತಕಗಳೇ ಕೆಳಗಿನವರಿಗೆ ಆಸರೆಯಾದವು. ಅಜ್ಜಿಯರು ಮೊರದಲ್ಲಿ ಕಾಳು ಹಸನು ಮಾಡುತ್ತ ಪಾಠ ಕೇಳುತ್ತಿದ್ದರು. ಪಿಯುಸಿ, ಪದವಿ ಓದುತ್ತ ಊರಲ್ಲೇ ಉಳಿದಿದ್ದ ಅಕ್ಕ ಅಣ್ಣಂದಿರು ಚಿಕ್ಕವರ ಪಟ್ಟಿ ಪುಸ್ತಕ ನೋಡಿಕೊಡುತ್ತಿದ್ದರು.

ಒಂದು ವಠಾರದಲ್ಲಿ ಒಂದೇ ತರಗತಿಯ ಮಕ್ಕಳು ಸಿಗುವುದಿಲ್ಲ. ಎರಡನೆಯವರ ಪಕ್ಕ ಐದನೆಯವರು, ಅವರ ಪಕ್ಕ ಏಳನೆಯವರು. ಇಂಥ ಗುಂಪಿಗೆ ಏಕಕಾಲದಲ್ಲಿ ಕಲಿಸುವ ಕೌಶಲ ಕರ್ನಾಟಕದ ಶಿಕ್ಷಕರಿಗೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ, ಕಾರ್ಡುಗಳ ಮೂಲಕ ಪರಸ್ಪರ ಕಲಿಯುತ್ತಾರೆ. ಶಿಕ್ಷಕರು ಮಕ್ಕಳ ನಡುವೆ ನೆಲದ ಮೇಲೆಯೇ ಕೂರುತ್ತಾರೆ. ಎರಡು ದಶಕಗಳ ಈ ಅಭ್ಯಾಸ ವಠಾರದಲ್ಲಿ ಕೈಹಿಡಿಯಿತು. ನಲಿ-ಕಲಿ ಗೊತ್ತಿದ್ದವರಿಗೆ ಅರಳಿಕಟ್ಟೆಯ ಮೇಲೆ ಹದಿನೈದು ಮಕ್ಕಳನ್ನು ಮೂರು ಬಳಗ ಮಾಡಿ ಕೂರಿಸುವುದು ಕಷ್ಟವೆನಿಸಲಿಲ್ಲ. ವಿಷಯವಾರು ಪಾಠಕ್ಕೆ ಒಗ್ಗಿದ್ದ ಪ್ರೌಢಶಾಲಾ ಶಿಕ್ಷಕರಿಗೆ ಅದು ಹೆಚ್ಚು ತೊಡಕಾಯಿತು. ಕನ್ನಡದ ಶಿಕ್ಷಕರು ಗಣಿತದ ಅನುಮಾನ ಬಿಡಿಸಬೇಕಾಗುತ್ತಿತ್ತು, ಗಣಿತದವರು ವ್ಯಾಕರಣ ಹೇಳಬೇಕಾಗುತ್ತಿತ್ತು.

ಎಲ್ಲ ಕಡೆ ಸ್ವಾಗತ ಒಂದೇ ಬಗೆಯಾಗಿರಲಿಲ್ಲ. ಹೊರಗಿನಿಂದ ಬರುವ ಶಿಕ್ಷಕರು ಸೋಂಕು ತರುತ್ತಾರೆಂದು ಕೆಲವು ಊರುಗಳು ಅಂಜಿದವು. ಊರೂರು ತಿರುಗುವ ತಮಗೆ ಸೋಂಕು ತಗುಲಿ ಮನೆಯವರಿಗೂ ಹರಡೀತೆಂದು ಶಿಕ್ಷಕರೂ ಅಂಜಿದರು. ದೇವಸ್ಥಾನದ ಅಂಗಳ ಎಲ್ಲ ಮಕ್ಕಳಿಗೂ ಸಮಾನವಾಗಿ ತೆರೆದಿರುತ್ತದೆಯೇ ಎಂಬ ಪ್ರಶ್ನೆಯೂ ಇತ್ತು. ಶಾಲೆಯ ಕೊಠಡಿ ಸರ್ಕಾರದ್ದು, ಅದರೊಳಗೆ ಯಾರ ಮಗುವಿಗೂ ಯಾರ ಅಪ್ಪಣೆಯೂ ಬೇಕಿಲ್ಲ; ಜಗುಲಿಗೆ ಒಡೆಯರಿರುತ್ತಾರೆ. ಶೌಚಾಲಯ, ಕುಡಿಯುವ ನೀರಿನ ಕೊರತೆ ಬೆಳೆದ ಹೆಣ್ಣುಮಕ್ಕಳನ್ನು ಹೆಚ್ಚು ಕಾಡಿತು. ಶಾಲೆಯೆಂಬ ಕಟ್ಟಡ ಏನೇನು ಕೊಡುತ್ತಿತ್ತೆಂಬುದು ಅದಿಲ್ಲದಾಗ ಎಲ್ಲರಿಗೂ ಸ್ಪಷ್ಟವಾಯಿತು.

2020ರ ಸೆಪ್ಟೆಂಬರ್‌ ಕೊನೆ, ಅಕ್ಟೋಬರ್‌ ಮೊದಲ ವಾರದಲ್ಲಿ ರಾಜ್ಯದಲ್ಲಿ ದಿನಕ್ಕೆ ಸುಮಾರು 10,000 ಹೊಸ ಪ್ರಕರಣಗಳು ವರದಿಯಾಗುತ್ತಿದ್ದವು. ವಿದ್ಯಾಗಮದಲ್ಲಿ ತೊಡಗಿದ್ದ ಶಿಕ್ಷಕರಿಗೂ ಕೆಲವು ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಶಿಕ್ಷಕರ ಸಾವುಗಳ ಸುದ್ದಿಯೂ ಬಂತು. ಪೋಷಕರು, ವಿರೋಧ ಪಕ್ಷಗಳ ನಾಯಕರು ಕಾರ್ಯಕ್ರಮ ನಿಲ್ಲಿಸುವಂತೆ ಒತ್ತಾಯಿಸಿದರು. ಅಕ್ಟೋಬರ್ 10ರಂದು ವಿದ್ಯಾಗಮವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಅಕ್ಟೋಬರ್ 12ರಿಂದ 30ರವರೆಗೆ ದಸರಾ ರಜೆ ಘೋಷಣೆಯಾಯಿತು. ಮಕ್ಕಳ ಜೀವದ ಪ್ರಶ್ನೆ ಬಂದಾಗ ಆ ತೀರ್ಮಾನ ಸಹಜವಾಗಿತ್ತು. ಆದರೂ ಮೊದಲ ಕೋಣೆಯ ಮಕ್ಕಳಿಗೆ, ಅಂದರೆ ಮೊಬೈಲೇ ಇಲ್ಲದವರಿಗೆ, ಇದ್ದ ಒಂದೇ ದಾರಿಯೂ ಅಂದು ಮುಚ್ಚಿತು.

2021ರ ಜನವರಿ 1ರಂದು ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ ಶಾಲೆ, ಕಾಲೇಜು ತೆರೆದವು. ಅದೇ ದಿನ ಆರರಿಂದ ಒಂಬತ್ತನೇ ತರಗತಿಯವರಿಗೆ ಪರಿಷ್ಕೃತ ವಿದ್ಯಾಗಮ ಶುರುವಾಯಿತು. ಈ ಬಾರಿ ಪಾಠ ವಠಾರದಲ್ಲಿರಲಿಲ್ಲ, ಶಾಲೆಯ ಆವರಣದಲ್ಲೇ ನಡೆಯಿತು. ಪೋಷಕರ ಒಪ್ಪಿಗೆ ಪತ್ರ ತಂದ ಮಕ್ಕಳು ತಂಡಗಳಾಗಿ ಬರುತ್ತಿದ್ದರು. ಫೆಬ್ರುವರಿಯಲ್ಲಿ ಒಂಬತ್ತನೇ ತರಗತಿ, ತಿಂಗಳ ಕೊನೆಯ ಹೊತ್ತಿಗೆ ಆರರಿಂದ ಎಂಟು, ಹೀಗೆ ಪೂರ್ಣ ತರಗತಿಗಳು ಒಂದೊಂದಾಗಿ ಮರಳಿದವು. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು, ಬಾಗಿಲುಗಳು ಮತ್ತೆ ಮುಚ್ಚಿದವು. ಆ ಅಲೆ ಶಿಕ್ಷಕ ಸಮುದಾಯವನ್ನು ಮೊದಲಿಗಿಂತ ಕ್ರೂರವಾಗಿ ತಟ್ಟಿತು. ಆ ಜೂನ್‌ನಲ್ಲಿ ಎಷ್ಟೋ ಶಾಲೆಗಳ ಸಿಬ್ಬಂದಿ ಕೊಠಡಿಗಳಲ್ಲಿ ಒಂದೊಂದು ಕುರ್ಚಿ ಖಾಲಿಯಿತ್ತು.

ಒಂದರಿಂದ ಒಂಬತ್ತನೇ ತರಗತಿಯವರು ಮತ್ತೆ ಪರೀಕ್ಷೆಯಿಲ್ಲದೆ ತೇರ್ಗಡೆಯಾದರು. ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಮುಗಿಯಿತು: ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಒಂದು ದಿನ, ಮೂರು ಭಾಷೆಗಳು ಇನ್ನೊಂದು ದಿನ. ಪ್ರತಿ ವಿಷಯಕ್ಕೆ 40 ಅಂಕಗಳ ಬಹು ಆಯ್ಕೆಯ ಪ್ರಶ್ನೆಗಳು, ಓಎಂಆರ್‌ ಹಾಳೆಯ ಮೇಲೆ ಉತ್ತರ. ಹಾಜರಾದವರಲ್ಲಿ ಬಹುತೇಕ ಎಲ್ಲರೂ ತೇರ್ಗಡೆಯಾದರು. ವರ್ಷವಿಡೀ ಸರಿಯಾಗಿ ಪಾಠ ಸಿಗದ ಮಕ್ಕಳನ್ನು ಮುಂದಿನ ಓದಿನಿಂದ ಹೊರಗಿಡಬಾರದೆಂಬ ಕಾಳಜಿ ಅದರ ಹಿಂದಿತ್ತು.

ಮರು ಆರಂಭ ದೊಡ್ಡ ಮಕ್ಕಳಿಂದ ಚಿಕ್ಕವರ ಕಡೆಗೆ ನಡೆಯಿತು. ಒಂಬತ್ತರಿಂದ ಹನ್ನೆರಡನೇ ತರಗತಿಗಳು 2021ರ ಆಗಸ್ಟ್ 23ಕ್ಕೆ, ಆರರಿಂದ ಎಂಟು ಸೆಪ್ಟೆಂಬರ್ 6ಕ್ಕೆ, ಒಂದರಿಂದ ಐದು ಅಕ್ಟೋಬರ್ 25ಕ್ಕೆ ತೆರೆದವು. ಬಿಸಿಯೂಟದ ಒಲೆಗಳೂ ಅಕ್ಟೋಬರ್‌ನಲ್ಲಿ ಮತ್ತೆ ಹೊತ್ತಿದವು. ಕಿರಿಯ ಮಕ್ಕಳ ಪಾಲಿಗೆ ಇದು 19 ತಿಂಗಳ ಅಂತರ. 2020ರಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿದ ಮಗು ತನ್ನ ತರಗತಿಯ ಕೋಣೆಯಲ್ಲಿ ಮೊದಲ ಸಲ ಕೂತದ್ದು ಎರಡನೇ ತರಗತಿಯ ವಿದ್ಯಾರ್ಥಿಯಾಗಿ. ಆ ಬೆಳಗ್ಗೆ ಶಾಲೆಗಳು ತಳಿರು ತೋರಣ ಕಟ್ಟಿ, ಹೂ ಕೊಟ್ಟು ಮಕ್ಕಳನ್ನು ಬರಮಾಡಿಕೊಂಡವು. ಸಾಲಾಗಿ ಕೂರುವುದು, ಪೆನ್ಸಿಲ್‌ ಹಿಡಿಯುವುದು, ಪಕ್ಕದವರೊಂದಿಗೆ ಹಂಚಿಕೊಳ್ಳುವುದು, ಇವೆಲ್ಲವನ್ನೂ ಮೊದಲಿನಿಂದ ಕಲಿಸಬೇಕಾಯಿತು.

ಕಲಿಕೆಯಲ್ಲಿ ಆದ ನಷ್ಟವನ್ನು ಅಷ್ಟರಲ್ಲಿ ಎರಡು ಅಧ್ಯಯನಗಳು ಅಳೆದಿದ್ದವು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳಲ್ಲಿ, ಎರಡರಿಂದ ಆರನೇ ತರಗತಿವರೆಗಿನ 16,067 ಮಕ್ಕಳನ್ನು ಗಮನಿಸಿತು. ಹಿಂದೆ ಕಲಿತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಶೇ 92ರಷ್ಟು ಮಕ್ಕಳು ಮರೆತಿದ್ದರು; ಗಣಿತದಲ್ಲಿ ಈ ಪ್ರಮಾಣ ಶೇ 82. ಚಿತ್ರ ನೋಡಿ ನಾಲ್ಕು ಮಾತು ಹೇಳುವುದು, ಪರಿಚಿತ ಪದ ಓದುವುದು, ಎರಡಂಕಿ ಸಂಖ್ಯೆ ಗುರುತಿಸುವುದು ಇಂಥವೇ ಆ ಸಾಮರ್ಥ್ಯಗಳು. 2021ರ ಮಾರ್ಚ್‌ನಲ್ಲಿ ಗ್ರಾಮೀಣ ಕರ್ನಾಟಕದಲ್ಲಿ ನಡೆದ ಅಸರ್‌ ಸಮೀಕ್ಷೆಯಲ್ಲಿ, ಎರಡನೇ ತರಗತಿಯ ಪಠ್ಯವನ್ನು ಓದಬಲ್ಲ ಮೂರನೇ ತರಗತಿ ಮಕ್ಕಳ ಪ್ರಮಾಣ 2018ಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿತ್ತು. ಎರಡು ತಿಂಗಳ ವಠಾರ ಶಾಲೆ ಈ ಕುಸಿತವನ್ನು ತಡೆಯಲು ಸಾಕಾಗಿರಲಿಲ್ಲ.

ಈ ನಷ್ಟವನ್ನು ತುಂಬಲು 2022-23ನೇ ಸಾಲನ್ನು ಕಲಿಕಾ ಚೇತರಿಕೆ ವರ್ಷವೆಂದು ಘೋಷಿಸಲಾಯಿತು. ಆಗ ಸಚಿವರಾಗಿದ್ದವರು ಬಿ.ಸಿ. ನಾಗೇಶ್‌. ಎರಡು ವಾರ ಮುಂಚಿತವಾಗಿ, ಮೇ 16ಕ್ಕೇ ಶಾಲೆಗಳು ತೆರೆದವು. ಮೊದಲ 14 ದಿನ ಮಳೆಬಿಲ್ಲು ಎಂಬ ಹೆಸರಿನಲ್ಲಿ ಆಟ, ಹಾಡು, ನಾಟಕ, ಚಿತ್ರ, ಪ್ರಯೋಗಗಳು ನಡೆದವು. ನಂತರ ಒಂದರಿಂದ ಒಂಬತ್ತನೇ ತರಗತಿಯವರಿಗೆ ಕಲಿಕಾ ಹಾಳೆಗಳು ಬಂದವು. ಹಿಂದಿನ ಎರಡು ವರ್ಷಗಳ ಮುಖ್ಯ ಕಲಿಕಾ ಫಲಗಳನ್ನೂ ಆ ವರ್ಷದ ಪಾಠವನ್ನೂ ಹೆಣೆದು, ಮಗು ನಿಂತಿರುವಲ್ಲಿಂದಲೇ ಮುಂದೆ ನಡೆಸುವುದು ಅವುಗಳ ಉದ್ದೇಶ.

ವಿದ್ಯಾಗಮದ ಆದೇಶಗಳು ಈಗ ಕಡತ ಸೇರಿವೆ. ಅದರಿಂದ ಉಳಿದ ತಿಳಿವಳಿಕೆಗಳು ಮೂರು. ದೂರದಿಂದ ಕಲಿಸುವ ಯಾವುದೇ ಯೋಜನೆಯ ಮೊದಲ ಕೆಲಸ, ಯಾವ ಮನೆಯಲ್ಲಿ ಏನಿದೆ, ಏನಿಲ್ಲ ಎಂಬ ನಿಜವಾದ ಪಟ್ಟಿ. ಎಳೆಯ ಮಕ್ಕಳ ಓದುಬರಹಕ್ಕೆ ಶಿಕ್ಷಕರ ಖುದ್ದು ಸಾಮೀಪ್ಯ ಬೇಕೇಬೇಕು. ಅದಕ್ಕಾಗಿ ಮನೆಬಾಗಿಲಿಗೆ ಹೋಗುವವರ ಆರೋಗ್ಯದ ರಕ್ಷಣೆಯೂ ಯೋಜನೆಯೊಳಗೇ ಇರಬೇಕು. ಮಕ್ಕಳಿಗೆ ಶಾಲೆಯ ಕಟ್ಟಡ ಊಟ, ನೀರು, ಶೌಚಾಲಯ ಮತ್ತು ಸಮಾನತೆ ಸಿಗುವ ಜಾಗ. ಅದು ಮುಚ್ಚಬೇಕಾಗಿ ಬಂದರೆ ಕೊನೆಗೆ ಮುಚ್ಚಬೇಕು, ಮೊದಲು ತೆರೆಯಬೇಕು. 2020ರ ಆ ಎರಡು ತಿಂಗಳಲ್ಲಿ ಅರಳಿಕಟ್ಟೆಯ ಮೇಲೆ ಕೂತು ಕಾಗುಣಿತ ತಿದ್ದಿದ ಮಕ್ಕಳು ಈಗ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ್ದಾರೆ. ಅವರ ಮನೆಗೆ ಹೋಗುವ ದಾರಿ ಅವರ ಶಿಕ್ಷಕರಿಗೆ ಇನ್ನೂ ಗೊತ್ತಿದೆ.